ಥಾರ್‌ಲ್ಯಾಬ್ಸ್ ಪಿಡಿಎ36ಎ2: ಗೇನ್ ಹೆಚ್ಚಿಸುವ ಮುನ್ನ

ಬೆಳಕನ್ನು ವಿದ್ಯುತ್ತಾಗಿಸುವ ಸಿಲಿಕಾನ್ ಫೋಟೋಡಯೋಡ್ ಮತ್ತು ಅದನ್ನು ವರ್ಧಿಸುವ ಆಂಪ್ಲಿಫೈಯರ್ ಎರಡೂ ಒಂದೇ ಪೆಟ್ಟಿಗೆಯಲ್ಲಿರುವ ಡಿಟೆಕ್ಟರ್‌ಗಳ ಪೈಕಿ ಥಾರ್‌ಲ್ಯಾಬ್ಸ್‌ನ ಪಿಡಿಎ36ಎ2 ಬಳಸಲು ಸುಲಭವಾದದ್ದು. 350ರಿಂದ 1100 ನ್ಯಾನೋಮೀಟರ್‌ವರೆಗಿನ ಬೆಳಕನ್ನು ಗ್ರಹಿಸುವ ಅದರ ಸಂವೇದಿ ಮೇಲ್ಮೈ 3.6 ಮಿಲಿಮೀಟರ್ ಬದಿಯ ಚೌಕದಷ್ಟಿರುವುದರಿಂದ, ಹೀಲಿಯಂ-ನಿಯಾನ್ ಲೇಸರಿನ ಕಿರಣವನ್ನು ಅದರ ಮೇಲೆ ಕೂರಿಸಲು ಹೆಣಗಾಡಬೇಕಿಲ್ಲ.

ಇದರ ಹಿರಿಮೆಯೂ ತೊಡಕೂ ಗೇನ್, ಅಂದರೆ ವರ್ಧನೆಯ ಪ್ರಮಾಣವನ್ನು ಆರಿಸುವ ಗುಂಡಿಯಲ್ಲೇ ಇವೆ. 0ಯಿಂದ 70 ಡೆಸಿಬೆಲ್‌ವರೆಗೆ ಎಂಟು ಹಂತಗಳಿದ್ದು, ಒಂದು ಹಂತ ಏರಿಸಿದರೆ ವೋಲ್ಟೇಜ್ ಹೆಚ್ಚುವುದು ಹತ್ತು ಪಟ್ಟಲ್ಲ, ಸುಮಾರು 3.16 ಪಟ್ಟು. 633 ನ್ಯಾನೋಮೀಟರಿನ ಒಂದು ಮಿಲಿವ್ಯಾಟ್ ಬೆಳಕು ಸರಿಸುಮಾರು 0.4 ಮಿಲಿಆಂಪಿಯರ್ ವಿದ್ಯುತ್ತನ್ನು ಹುಟ್ಟಿಸುತ್ತದೆ. ಅದು 0 ಡೆಸಿಬೆಲ್‌ನಲ್ಲಿ 0.6 ವೋಲ್ಟ್, 20ರಲ್ಲಿ 6 ವೋಲ್ಟ್ ಆಗುತ್ತದೆ. 30ಕ್ಕೆ ಏರಿಸಿದರೆ ಲೆಕ್ಕದಂತೆ 19 ವೋಲ್ಟ್ ಬರಬೇಕು, ಆದರೆ ಔಟ್‌ಪುಟ್‌ನ ಮಿತಿ 10 ವೋಲ್ಟ್. ಪೋಲರೈಸರಿನ ಕೋನಕ್ಕೆ ತಕ್ಕಂತೆ ಅದನ್ನು ದಾಟುವ ಬೆಳಕು ಎಷ್ಟೆಂದು ಹೇಳುವ ಮಾಲಸ್ ನಿಯಮದ ಪ್ರಯೋಗವನ್ನು ಈ ಸ್ಥಿತಿಯಲ್ಲಿ ಮಾಡಿದರೆ, ಪೋಲರೈಸರ್ ತಿರುಗಿಸಿದಂತೆ ಏರಿಳಿಯಬೇಕಾದ ವಕ್ರರೇಖೆಯ ನೆತ್ತಿ ಚಪ್ಪಟೆಯಾಗುತ್ತದೆ. ಉಪಕರಣ ಕೆಟ್ಟಿದೆಯೆಂದು ದೂರುವ ಮೊದಲು ನೋಡಬೇಕಾದದ್ದು ಇದನ್ನೇ.

ಗೇನ್ ಹೆಚ್ಚಿದಷ್ಟೂ ವೇಗ ಕುಗ್ಗುತ್ತದೆ. 0 ಡೆಸಿಬೆಲ್‌ನಲ್ಲಿ 12 ಮೆಗಾಹರ್ಟ್ಸ್ ಇರುವ ಬ್ಯಾಂಡ್‌ವಿಡ್ತ್ (ಎಷ್ಟು ವೇಗದ ಏರಿಳಿತವನ್ನು ಹಿಂಬಾಲಿಸಬಲ್ಲದೆಂಬ ಮಿತಿ), 70ಕ್ಕೆ ಹೋಗುವಷ್ಟರಲ್ಲಿ ಕೆಲವೇ ಕಿಲೋಹರ್ಟ್ಸ್‌ಗೆ ಇಳಿಯುತ್ತದೆ. ಚಾಪರ್‌ನಿಂದ (ಕಿರಣವನ್ನು ಬಿಟ್ಟುಬಿಟ್ಟು ತಡೆಯುವ ತಿರುಗು ತಟ್ಟೆಯಿಂದ) ಕತ್ತರಿಸಿದ ಕಿರಣದ ಸಂಕೇತದ ಅಂಚುಗಳು, ವೋಲ್ಟೇಜಿನ ಏರಿಳಿತವನ್ನು ಪರದೆಯಲ್ಲಿ ತೋರಿಸುವ ಆಸಿಲೋಸ್ಕೋಪಿನಲ್ಲಿ ದುಂಡಗೆ ಕಂಡರೆ ಗೇನ್ ಇಳಿಸಿ ನೋಡಬೇಕು. ಕಿರಣಕ್ಕೆ ಅಗಲವಿರುವುದರಿಂದ ಚಾಪರ್ ಅಂಚನ್ನು ಒಂದಿಷ್ಟು ಮಬ್ಬಾಗಿಸುತ್ತದೆಂಬುದೂ ನೆನಪಿರಲಿ. ನ್ಯಾನೋಸೆಕೆಂಡ್ ಸ್ಪಂದಗಳನ್ನು ಅಳೆಯುವವರಿಗೆ ಇದು ತಕ್ಕದ್ದಲ್ಲ, ಏಕೆಂದರೆ ಅತ್ಯಂತ ಕಡಿಮೆ ಗೇನ್‌ನಲ್ಲೂ ಇದರ ಏರಿಕೆಯ ಕಾಲ ಸುಮಾರು 30 ನ್ಯಾನೋಸೆಕೆಂಡ್‌ಗಳಾಗುತ್ತದೆ.

ಆಸಿಲೋಸ್ಕೋಪಿನ ಇನ್‌ಪುಟ್ 50 ಓಮ್‌ಗೆ ಹೊಂದಿಸಿದ್ದರೆ ವೋಲ್ಟೇಜ್ ಅರ್ಧಕ್ಕಿಳಿಯುತ್ತದೆ, ಆದ್ದರಿಂದ ದಾಖಲೆ ಪುಸ್ತಕದಲ್ಲಿ ಗೇನ್ ಜೊತೆಗೆ ಅದನ್ನೂ ಬರೆದಿಡುವುದು ಒಳ್ಳೆಯದು. ಟ್ಯೂಬ್‌ಲೈಟಿನ 100 ಹರ್ಟ್ಸ್ ಏರಿಳಿತ ಹೆಚ್ಚಿನ ಗೇನ್‌ನಲ್ಲಿ ಎದ್ದು ಕಾಣುತ್ತದೆ. ಡಿಟೆಕ್ಟರಿನ ಬಾಯಿಗೆ ಲೆನ್ಸ್ ಟ್ಯೂಬ್ ತಿರುಗಿಸಿ ಹಾಕಿದರೆ ಬಹುಪಾಲು ತೊಲಗುತ್ತದೆ.

ಬೆಳಕಿನ ಪ್ರಮಾಣವನ್ನು ನೇರವಾಗಿ ವ್ಯಾಟ್‌ಗಳಲ್ಲಿ ಓದಬೇಕಾದವರು ಮಾಪನಾಂಕ ನಿರ್ಣಯಿಸಿದ ಪವರ್ ಮೀಟರನ್ನೇ ಕೊಳ್ಳಲಿ. ಫ್ರಿಂಜ್ (ವ್ಯತಿಕರಣದ ಪಟ್ಟೆಗಳ) ಎಣಿಕೆ, ಧ್ರುವೀಕರಣ, ಲಾಕ್-ಇನ್ (ಗದ್ದಲದಿಂದ ಒಂದೇ ಆವರ್ತನದ ಸಂಕೇತವನ್ನು ಹೆಕ್ಕುವ) ಮಾಪನಗಳಿಗೆ ಮಾತ್ರ ನಾನು ಇದನ್ನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ.