ಹೊಳೆಯಿಲ್ಲದ ದೋಣಿ: ಕಾನ್ಸೆಪ್ಟ್2 ರೋಎರ್ಗ್ ತಗೊಂಡು ಹನ್ನೊಂದು ತಿಂಗಳು

ಮೊದಲೇ ಹೇಳಿಬಿಡ್ತೀನಿ, ಇದು ನಾನು ತಗೊಂಡ ಎರಡನೇ ರೋವಿಂಗ್ ಮೆಷಿನ್, ಅಂದರೆ ಮನೆಯಲ್ಲೇ ಕೂತು ದೋಣಿಗೆ ಹುಟ್ಟು ಹಾಕಿದ ಹಾಗೆ ವ್ಯಾಯಾಮ ಮಾಡೋ ಯಂತ್ರ. ಮೊದಲನೆಯದು ಆನ್‌ಲೈನ್‌ನಲ್ಲಿ ಹನ್ನೊಂದು ಸಾವಿರಕ್ಕೆ ಸಿಕ್ಕಿದ್ದು. ಎರಡು ಕೈಗೆ ಎರಡು ಪಿಸ್ಟನ್, ಥೇಟ್ ಸ್ಕೂಟರಿನ ಶಾಕ್ ಅಬ್ಸಾರ್ಬರ್. ಕಂಪನಿ ಹೆಸರು ಬೇಡ. ಮೂರನೇ ವಾರಕ್ಕೆ ಬಲಗಡೆಯ ಪಿಸ್ಟನ್ ಎಣ್ಣೆ ಕಾರಿ ಹಾಲ್‌ನ ಜಮಖಾನ ಹಾಳಾಯ್ತು. ವಾಪಸ್ ತಗೊಳ್ಳಲ್ಲ ಅಂದ್ರು. ಕೊನೆಗೆ ಗುಜರಿಯವನು ತೂಕಕ್ಕೆ ಹಾಕಿಕೊಂಡು ಹೋದ.

ಆದರೆ ಆ ಮೂರು ವಾರದಲ್ಲೇ ರುಚಿ ಹತ್ತಿಬಿಟ್ಟಿತ್ತು. ನನಗೀಗ ಐವತ್ತೆರಡು. ಮಂಡಿ ನೋವು, ಓಡೋ ಹಾಗಿಲ್ಲ. ಪಾರ್ಕಿಗೆ ವಾಕಿಂಗ್ ಹೋದರೆ ಒಂದು ಸುತ್ತು ಮುಗಿಯೋದರೊಳಗೆ ಮೂರು ಮನೆ ಸೊಸೆಯಂದಿರ ಕಥೆ ಕೇಳಬೇಕು. ಇದರಲ್ಲಿ ಕೂತೇ ಬೆವರಬಹುದು, ಯಾರೂ ಮಾತಾಡಿಸಲ್ಲ. ಫಿಸಿಯೋಥೆರಪಿಸ್ಟ್ ಹತ್ತಿರ ಕೇಳಿಕೊಂಡೇ ಈ ಎರಡನೆಯದಕ್ಕೆ ಕೈ ಹಾಕಿದೆ. ಲಕ್ಷ ದಾಟಿದ ದುಡ್ಡು. ಮನೆಯವರಿಗೆ ಬಿಲ್ ತೋರಿಸಿದ್ದು ಎರಡು ದಿನ ಬಿಟ್ಟು.

ಅಮೆರಿಕದ ವರ್ಮಾಂಟ್‌ನಲ್ಲಿ ಡಿಕ್ ಮತ್ತು ಪೀಟ್ ಡ್ರೈಸಿಗಾಕರ್ ಅನ್ನೋ ಅಣ್ಣತಮ್ಮಂದಿರು ರೇಸಿನ ದೋಣಿಗಳಿಗೆ ಹುಟ್ಟು ಮಾಡಿ ಮಾರುತ್ತಿದ್ದರು. ಕಾನ್ಸೆಪ್ಟ್2 ಅವರು ಕಟ್ಟಿದ ಕಂಪನಿ. 1981ರಲ್ಲಿ ಒಂದು ಸೈಕಲ್ ಚಕ್ರ ಇಟ್ಟುಕೊಂಡು ಈ ಮೆಷಿನ್ನಿನ ಮೊದಲ ರೂಪ ಮಾಡಿದರು. ಈಗಲೂ ಹಿಡಿ ಎಳೆದರೆ ಸೈಕಲ್ಲೇ ನೆನಪಾಗುತ್ತೆ. ಚೈನು ಬಿಚ್ಚಿಕೊಳ್ಳುತ್ತೆ, ಮುಂದಿನ ಗೂಡಿನೊಳಗೆ ಫ್ಯಾನಿನಂಥ ಚಕ್ರ ಭರ್ ಅಂತ ತಿರುಗುತ್ತೆ, ಕೈ ಸಡಿಲ ಬಿಟ್ಟರೆ ಚೈನು ತಾನೇ ಒಳಕ್ಕೆ ಹೋಗುತ್ತೆ, ಚಕ್ರ ಮಾತ್ರ ತನ್ನ ಪಾಡಿಗೆ ತಿರುಗ್ತಾ ಇರುತ್ತೆ. ಮೋಟಾರಿಲ್ಲ. ನೀವು ಜೋರಾಗಿ ಎಳೆದಷ್ಟೂ ಗಾಳಿ ಜೋರಾಗಿ ತಡೆಯುತ್ತೆ.

ಚಕ್ರದ ಪಕ್ಕ ಡ್ಯಾಂಪರ್ ಅಂತ ಒಂದು ಸನ್ನೆಕೋಲು ಇದೆ, 1ರಿಂದ 10ರವರೆಗೆ. ಎಲ್ಲರೂ ಮಾಡೋ ತಪ್ಪು ನಾನೂ ಮಾಡಿದೆ: ಮೊದಲ ದಿನವೇ 10ಕ್ಕೆ ಇಟ್ಟೆ. ಮಾರನೇ ದಿನ ಸೊಂಟ ಬಗ್ಗಲಿಲ್ಲ. ಅದು ಕಷ್ಟ ಹೆಚ್ಚಿಸೋ ಗುಂಡಿ ಅಲ್ಲವಂತೆ, ಒಳಗೆ ಎಷ್ಟು ಗಾಳಿ ಬಿಡಬೇಕು ಅನ್ನೋ ಲೆಕ್ಕ ಅಷ್ಟೇ. ನಮ್ಮೂರು ಬಾರ್ಕೂರಿನ ಹತ್ತಿರ, ಸೀತಾನದಿಯ ದಂಡೆ. ನನಗೆ ಅರ್ಥವಾಗಿದ್ದು ಹೀಗೆ: 10 ಅಂದರೆ ಹೊಯ್ಗೆ (ಮರಳು) ತುಂಬಿದ ದೋಣಿ, 3 ಅಂದರೆ ಖಾಲಿ ದೋಣಿ. ಕಂಪನಿಯವರೇ ಸಾಮಾನ್ಯ ಜನಕ್ಕೆ 3ರಿಂದ 5 ಸಾಕು ಅಂತಾರೆ. ನಾನು 4ರಲ್ಲಿದ್ದೀನಿ.

ಇನ್ನೊಂದು ತಪ್ಪು, ಕೈಯಲ್ಲಿ ಎಳೆಯೋದು. ಹುಟ್ಟು ಹಾಕೋದು ತೋಳಿನ ಕೆಲಸ ಅಂತ ಐವತ್ತು ವರ್ಷ ನಂಬಿಕೊಂಡಿದ್ದೆ. ಇಲ್ಲಿ ಮೊದಲು ಕಾಲು ಒದೀಬೇಕು, ಆಮೇಲೆ ಬೆನ್ನು ಹಿಂದಕ್ಕೆ, ಕೊನೆಗೆ ಕೈ. ವಾಪಸ್ ಬರುವಾಗ ತಿರುವುಮುರುವು: ಕೈ, ಬೆನ್ನು, ಮಂಡಿ. ಮಂಡಿ ಬೇಗ ಮಡಚಿದರೆ ಹಿಡಿ ಅದಕ್ಕೆ ಬಡಿಯುತ್ತೆ, ನನಗೆ ಒಂದು ವಾರ ನೀಲಿ ಕಲೆ ಇತ್ತು. ಹೋಗೋದು ಒಂದು ಎಣಿಕೆ, ಬರೋದು ಎರಡು ಎಣಿಕೆ. ಎರಡನೇ ತಿಂಗಳಲ್ಲಿ ಒಂದು ಬೆಳಿಗ್ಗೆ, ಯೋಚನೆ ಮಾಡದೆ ನೂರು ಸಲ ಹಾಗೇ ಆಗಿಹೋಯ್ತು. ಭರ್‍ರ್... ಸುಯ್ಯ್... ಭರ್‍ರ್... ಸುಯ್ಯ್. ತೊಟ್ಟಿಲಲ್ಲಿ ಕೂತ ಹಾಗೆ. ದುಡ್ಡು ವಸೂಲಾಯ್ತು ಅನ್ನಿಸಿದ್ದು ಆವತ್ತು.

ಮಾನಿಟರ್ ಬಗ್ಗೆ ಎರಡು ಮಾತು. 500 ಮೀಟರಿಗೆ ಎಷ್ಟು ಹೊತ್ತು ಅಂತ ಪ್ರತಿ ಎಳೆತಕ್ಕೂ ತೋರಿಸುತ್ತೆ, ದಾಕ್ಷಿಣ್ಯವೇ ಇಲ್ಲ. 500 ಮೀಟರಿಗೆ ಎರಡೂವರೆ ನಿಮಿಷ ಅಂದರೆ ಸುಮಾರು 104 ವ್ಯಾಟ್. ಎರಡೇ ನಿಮಿಷಕ್ಕೆ ಇಳಿಸಬೇಕಾದರೆ 203 ವ್ಯಾಟ್ ಬೇಕು. ಅರ್ಧ ನಿಮಿಷದ ಆಸೆಗೆ ಹೆಚ್ಚುಕಡಿಮೆ ಎರಡರಷ್ಟು ತ್ರಾಣ! ವೇಗದ ಘನಕ್ಕೆ ತಕ್ಕಂತೆ ಶಕ್ತಿ ಬೇಕು ಅನ್ನೋದನ್ನ ಹೈಸ್ಕೂಲಿನಲ್ಲಿ ಹೀಗೆ ಕಲಿಸಿದ್ದರೆ ಮರೀತಿರಲಿಲ್ಲ. ಅದರಲ್ಲೇ ಮೀನಿನ ಆಟವೂ ಇದೆ, ಎಳೆತ ಹೆಚ್ಚುಕಡಿಮೆ ಮಾಡಿ ಸಣ್ಣ ಮೀನು ನುಂಗೋದು. ಮೊಮ್ಮಗ ಬಂದರೆ ನನಗೆ ಸೀಟೇ ಸಿಗಲ್ಲ.

ಈಗ ತೊಂದರೆಗಳು. ಉದ್ದ 244 ಸೆಂ.ಮೀ., ಅಂದರೆ ಎಂಟು ಅಡಿ, ಮಂಚಕ್ಕಿಂತ ಉದ್ದ. ಎರಡು ತುಂಡು ಮಾಡಿ ನಿಲ್ಲಿಸಬಹುದು, ಆದರೆ ದಿನಾ ಯಾರು ಮಾಡ್ತಾರೆ? ಸದ್ದೂ ಇದೆ, ಟೀವಿ ಹಾಕಿಕೊಂಡು ಮಾಡ್ತೀನಿ ಅಂದುಕೊಂಡಿದ್ದರೆ ಮರೆತುಬಿಡಿ. ಸೀಟು ನೆಲದಿಂದ 36 ಸೆಂ.ಮೀ., ಮಂಡಿ ನೋವಿನವರಿಗೆ ಕೂರೋದು ಸುಲಭ, ಏಳೋದೇ ಪಜೀತಿ. 51 ಸೆಂ.ಮೀ. ಎತ್ತರದ ಮಾದರಿಯೂ ಇದೆ, ಗೊತ್ತಿದ್ದರೆ ಅದನ್ನೇ ತಗೋತಿದ್ದೆ. ಆರೈಕೆ ಜಾಸ್ತಿ ಇಲ್ಲ: ಸೀಟು ಓಡಾಡೋ ಕಂಬಿ ಒರೆಸೋದು, ಐವತ್ತು ಗಂಟೆಗೊಮ್ಮೆ ಬಟ್ಟೆಗೆ ಒಂದು ಟೀ ಚಮಚ ಎಣ್ಣೆ ಹಾಕಿ ಚೈನು ಸವರೋದು.

ಅಮ್ಮನಿಗೆ ಎಂಬತ್ಮೂರು. ಸೇತುವೆ ಬರೋ ಮುಂಚೆ ದೋಣಿಯಲ್ಲೇ ಹೊಳೆ ದಾಟಿದವರು. ಮೊದಲ ದಿನ ಕುರ್ಚಿ ಹಾಕಿಕೊಂಡು ಇಪ್ಪತ್ತು ನಿಮಿಷ ಪೂರ್ತಿ ನೋಡಿದರು. ಆಮೇಲೆ, “ಇಷ್ಟೊತ್ತ್ ಹುಟ್ಟ್ ಹಾಕಿರೂ ಇಲ್ಲೇ ಇದ್ಯಲ್ಲೆ ಹೆಣೆ!” ಅಂದರು. ಈಗ ನಾನು ಒಂದು ದಿನ ತಪ್ಪಿಸಿದರೆ, “ಇವತ್ತ್ ದೋಣಿ ಇಲ್ಯಾ?” ಅಂತ ಕೇಳ್ತಾರೆ.

ಬಾಡಿಗೆ ಮನೆ, ಚಿಕ್ಕ ಹಾಲ್ ಆದರೆ ತಗೋಬೇಡಿ. ನಿಮ್ಮ ಜಿಮ್ಮಿನಲ್ಲಿ ಮೂಲೆಯಲ್ಲಿ ಒಂದು ಇದ್ದರೂ ಇರಬಹುದು, ಟ್ರೆಡ್‌ಮಿಲ್‌ಗೆ ಕ್ಯೂ ಇರುತ್ತೆ, ಇದಕ್ಕೆ ಇರಲ್ಲ. ಅಲ್ಲಿ ತಿಂಗಳು ಮಾಡಿ ನೋಡಿ. ಪಿಸ್ಟನ್ನಿನದು ಮಾತ್ರ ಯಾರು ಹೇಳಿದರೂ ಬೇಡ.

2000 ಮೀಟರ್ ಹತ್ತು ನಿಮಿಷದೊಳಗೆ ಮುಗಿಸಬೇಕು ಅಂತ ದೀಪಾವಳಿಯಿಂದ ಹಟ ಹಿಡಿದಿದ್ದೀನಿ. ಕಳೆದ ಭಾನುವಾರ 10 ನಿಮಿಷ 4 ಸೆಕೆಂಡು. ಆ ನಾಲ್ಕು ಸೆಕೆಂಡು ಎಲ್ಲಿ ಹೋಯ್ತು ಅಂತ ನನಗೆ ಗೊತ್ತು: 1600 ಮೀಟರಿನ ಹತ್ತಿರ ಕುಕ್ಕರ್ ಮೂರನೇ ಸಲ ಕೂಗಿತು, ಯಾರಾದ್ರೂ ಆಫ್ ಮಾಡ್ತಾರಾ ಅಂತ ತಿರುಗಿ ನೋಡಿದೆ.