ಸಿಂಡಿಕೇಟ್‌ಗೆ ಡಿಪಿಆರ್ ಮಾಡಿಕೊಟ್ಟ ಆರ್ಕಿಟೆಕ್ಟ್ ಕಚೇರಿ: ಐದಕ್ಕೆ ಮೂರು

ನಾನು ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ವಿಭಾಗದವನು. ಲೇಡೀಸ್ ಹಾಸ್ಟೆಲ್‌ಗೆ ಡಿಪಿಆರ್ (ನಕ್ಷೆ, ಖರ್ಚಿನ ಅಂದಾಜು ಎಲ್ಲ ಇರುವ ವಿವರವಾದ ಯೋಜನಾ ವರದಿ) ಮಾಡಿಸಿದ್ದು ಇವರ ಹತ್ತಿರವೇ. ನಕ್ಷೆ ಬೊಂಬಾಟ್. ಗಾಳಿ, ಬೆಳಕು ಧಾರಾಳ. ಬಟ್ಟೆ ಒಣಗಿಸಲೂ ಜಾಗ ಬಿಟ್ಟಿದ್ದಾರೆ, ಅದನ್ನೆಲ್ಲ ಯಾರು ಯೋಚಿಸ್ತಾರೆ ಹೇಳಿ!

ಎಡವಟ್ಟಾಗಿದ್ದು ಅಂದಾಜು ಪಟ್ಟಿಯಲ್ಲಿ. ಲೋಕೋಪಯೋಗಿ ಇಲಾಖೆಯ ಹಳೇ ಎಸ್‌ಆರ್ (ಕಾಮಗಾರಿಗಳ ದರಪಟ್ಟಿ) ದರ ಹಾಕಿದ್ದರು. ಜಿಎಸ್‌ಟಿ ಸೇರಿಸಿರಲಿಲ್ಲ, ವಿದ್ಯುತ್ ಕೆಲಸದ ಬಾಬ್ತೇ ಇರಲಿಲ್ಲ. ಹಣಕಾಸು ಸಮಿತಿ ಕಡತವನ್ನು ವಾಪಸ್ ಕಳಿಸಿತು. ಬೈಗುಳ ತಿಂದಿದ್ದು ನಾವು.

ತಿದ್ದಿಕೊಡಲು ಜಾಸ್ತಿ ದುಡ್ಡು ಕೇಳಲಿಲ್ಲ, ಅದು ಮೆಚ್ಚಬೇಕಾದ್ದೇ. ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟ್‌ನ ಸಭೆಗೂ ಬಂದರು. ಕುಲಪತಿಗಳು ರ‍್ಯಾಂಪ್, ಬೆಂಕಿ ಬಿದ್ದರೆ ಇಳಿದು ಹೋಗುವ ಮೆಟ್ಟಿಲು ಎಲ್ಲಿ ಅಂತ ಕೇಳಿದಾಗ ತಡವರಿಸದೆ ತೋರಿಸಿದರು. ಅನುಮೋದನೆ ಸಿಕ್ಕಿತು.

ಇವರಿಗೆ ಕೆಲಸ ಕೊಡುವವರು ಕೊನೆಯ ಕಂತನ್ನು ಸಿಂಡಿಕೇಟ್ ಒಪ್ಪಿದ ಮೇಲೆ ಕೊಡ್ತೀವಿ ಅಂತ ಕರಾರಿನಲ್ಲೇ ಬರೆಸಿಕೊಳ್ಳಿ.