ಫ್ಲೂ ಜ್ವರದ ವಾರ ಕೈಹಿಡಿದ 90 ರೂಪಾಯಿಯ ಒಳಲೆ

ಬಾಣಂತನಕ್ಕೆ ನಾನು ಬಂದದ್ದು ತವರಿಗೆ, ಸಾಗರಕ್ಕೆ. ಜುಲೈ ತಿಂಗಳು. ಅಗ್ಗಿಷ್ಟಿಕೆ ಮೇಲೆ ಬುಟ್ಟಿ ಬೋರಲು ಹಾಕಿ ಪಾಪುವಿನ ಬಟ್ಟೆ ಒಣಗಿಸುವಂಥ ಮಳೆ. ಮಗುವಿಗೆ 24 ದಿನ ತುಂಬಿದ ಶನಿವಾರ ಇವರು ಬೆಂಗಳೂರಿನಿಂದ ಬಂದರು. ಬರುವಾಗ ಗಂಟಲು ಕೆರೆತವನ್ನೂ ಜೊತೆಗೇ ತಂದರು. ಮಂಗಳವಾರ ನನಗೆ 102 ಡಿಗ್ರಿ ಜ್ವರ.

ಆ ಹೊತ್ತಿಗೆ ಮನೆಯಲ್ಲಿ ಎರಡು ಸಾಮಾನು ಇದ್ದವು. ಒಂದು, ನಾನು 1,350 ರೂಪಾಯಿ ಕೊಟ್ಟು ಆನ್‌ಲೈನಿನಲ್ಲಿ ತರಿಸಿದ, ಎದೆಹಾಲು ತೆಗೆಯುವ ಕೈಪಂಪು. ಇನ್ನೊಂದು, ಅಮ್ಮ ಪೇಟೆಯ ಪಾತ್ರೆ ಅಂಗಡಿಯಿಂದ 90 ರೂಪಾಯಿಗೆ ತಂದಿದ್ದ, ಮಗುವಿಗೆ ಹಾಲು ಕುಡಿಸುವ ಸ್ಟೀಲ್ ಒಳಲೆ. ಅದನ್ನು ನೋಡಿ ನಾನು ನಕ್ಕಿದ್ದೆ. ಈಗ ಅದರ ಬಗ್ಗೆಯೇ ಬರೆಯುತ್ತಿದ್ದೇನೆ.

ಪಕ್ಕದ ಮನೆ ದೊಡ್ಡಮ್ಮ ಬಾಗಿಲಲ್ಲೇ ನಿಂತು, "ಜ್ವರದ ಹಾಲು ಕೂಸಿಗೆ ಕುಡಿಸಬೇಡ ಮಾರಾಯ್ತಿ" ಅಂದರು. ಅಮ್ಮನೂ ಹೆದರಿದರು. ಮಕ್ಕಳ ಡಾಕ್ಟ್ರಿಗೆ ಫೋನ್ ಮಾಡಿದರೆ ಅವರು ಹೇಳಿದ್ದೇ ಬೇರೆ. ಫ್ಲೂ ಹಾಲಿನಿಂದ ಬರುವುದಿಲ್ಲ, ಕೆಮ್ಮು, ಸೀನು ಮತ್ತು ಕೈಯಿಂದ ಬರುತ್ತದೆ. ರೋಗದ ಜೊತೆ ಹೋರಾಡಲು ನನ್ನ ಮೈ ತಯಾರಿಸುವ ಪ್ರತಿಕಾಯಗಳು ಹಾಲಿನಲ್ಲೇ ಮಗುವಿಗೆ ಹೋಗುತ್ತವೆ. ಹಾಗಾಗಿ ಹಾಲು ನಿಲ್ಲಿಸಲೇಬಾರದು. ಮಾಸ್ಕ್ ಹಾಕಿಕೊಂಡು, ಸೋಪಿನಲ್ಲಿ ಕೈ ತೊಳೆದು ಎದೆಗೇ ಹಾಕಿಕೊಳ್ಳಿ, ಎದ್ದು ಕೂರಲು ಆಗದಿದ್ದರೆ ಹಾಲು ಹಿಂಡಿ ಕೊಡಿ, ಚೆನ್ನಾಗಿರುವ ಯಾರಾದರೂ ಕುಡಿಸಲಿ ಅಂದರು. ನನಗೆ ಪ್ಯಾರಾಸಿಟಮಾಲ್ ಜೊತೆ ಒಸೆಲ್ಟಾಮಿವಿರ್ ಅನ್ನುವ ಫ್ಲೂ ಮಾತ್ರೆ ಬರೆದರು, 5 ದಿನ, ದಿನಕ್ಕೆ ಎರಡು. ಹಾಲೂಡಿಸುವವರೂ ಅದನ್ನು ತೆಗೆದುಕೊಳ್ಳಬಹುದಂತೆ.

ಮೊದಲ ಎರಡು ದಿನ ನನಗೆ ಕೂರಲು ಆಗಲೇ ಇಲ್ಲ. ಚಳಿಗೆ ಹಲ್ಲು ಕಟಕಟ. ಪಂಪು ತೆಗೆದೆ. ಅದರೊಳಗೆ ಕಿರುಬೆರಳ ಉಗುರಿನಷ್ಟು ಒಂದು ರಬ್ಬರಿನ ತುಂಡು ಇರುತ್ತದೆ. ಗಾಳಿ ಎಳೆಯುವ ಕೆಲಸವೆಲ್ಲ ಅದರದೇ. ಎರಡನೇ ಸಲ ಕುದಿಸುವಾಗ ಹರಿದುಹೋಯಿತು. ಬೇರೆ ತುಂಡು ಬರಲು ಎಂಟು ದಿನ ಬೇಕಂತೆ. ಅಷ್ಟರಲ್ಲಿ ಜ್ವರವೇ ಹೋಗಿರುತ್ತದೆ, ಅಲ್ವಾ? ಆಮೇಲೆ ಕೈಯಲ್ಲೇ ಹಿಂಡಿದೆ. ಬಿಸಿನೀರಿನ ಬಟ್ಟೆ ಇಟ್ಟುಕೊಂಡು ನಿಧಾನಕ್ಕೆ ಹಿಂಡಿದರೆ ಪಂಪಿಗಿಂತ ಸಲೀಸು, ನನಗಂತೂ.

ಇನ್ನು ಒಳಲೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಅಂಗೈಯಲ್ಲಿ ಕೂರುವ ಪುಟ್ಟ ಬಟ್ಟಲು, ಒಂದು ಕಡೆ ಉದ್ದ ಮೂತಿ. ನಮ್ಮದು ಔಷಧಿ ಮುಚ್ಚಳದಲ್ಲಿ ಅಳೆದರೆ ಸುಮಾರು 25 ಎಂಎಲ್ ಹಿಡಿಯಿತು. ಒಳಗೆ ಸಂದಿಯಿಲ್ಲ, ಮೂಲೆಯಿಲ್ಲ, ರಬ್ಬರ್ ಇಲ್ಲ. ಉಜ್ಜಿ, ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಹಾಕಿದರೆ ಆಯಿತು. ಕರೆಂಟು ಹೋದರೂ ಚಿಂತೆಯಿಲ್ಲ, ಸಾಗರದ ಮಳೆಗಾಲದಲ್ಲಿ ಇದು ಸಣ್ಣ ಮಾತಲ್ಲ. ಹಾಲಿನ ಬಾಟಲಿ ತರಿಸೋಣವೇ ಅಂತ ಇವರು ಕೇಳಿದಾಗ ಡಾಕ್ಟ್ರು ಬೇಡವೇ ಬೇಡ ಅಂದರು. ಅದರ ನಿಪ್ಪಲ್ ಸರಿಯಾಗಿ ತೊಳೆಯುವುದು ಕಷ್ಟ, ಮಗುವೂ ಎದೆ ಬಿಟ್ಟುಬಿಡಬಹುದು. ಬಾಟಲಿಯ ಜಾಹೀರಾತು ಮಾಡುವುದನ್ನೇ ನಮ್ಮ ದೇಶದ 1992ರ ಕಾಯ್ದೆ ನಿಷೇಧಿಸಿದೆ ಅನ್ನುವುದು ನನಗೆ ಗೊತ್ತಾದದ್ದೂ ಆವಾಗಲೇ.

ಕುಡಿಸುವ ರೀತಿ ಮಾತ್ರ ಕಲಿಯಬೇಕು. ಅಮ್ಮನದು ಹಳೇ ಪದ್ಧತಿ: ಕಾಲ ಮೇಲೆ ಅಂಗಾತ ಮಲಗಿಸಿ, ಮಗು ಅಳಲು ಬಾಯಿ ತೆರೆದಾಗ ಸುರಿದುಬಿಡುವುದು. ವಿಡಿಯೋ ಕಾಲ್‌ನಲ್ಲಿ ಅದನ್ನು ನೋಡಿದ ಡಾಕ್ಟ್ರು ಗದರಿದರು, ಹಾಲು ಶ್ವಾಸಕ್ಕೆ ಹೋಗುತ್ತದೆ ಅಂತ. ಮಗುವನ್ನು ಅರ್ಧ ಕೂರಿಸಿದ ಹಾಗೆ ಹಿಡಿಯಬೇಕು. ಮೂತಿಯನ್ನು ತುಟಿಯ ಅಂಚಿಗೆ ತಾಗಿಸಿ ಸ್ವಲ್ಪ ಬಾಗಿಸಬೇಕು. ಹಾಲು ತುದಿಗೆ ಬಂದು ನಿಲ್ಲುತ್ತದೆ. ಪಾಪು ನಾಲಿಗೆ ಚಾಚಿ ಒಂದೊಂದೇ ಗುಟುಕು ಎಳೆದುಕೊಳ್ಳುತ್ತದೆ, ನಡುವೆ ನಿಲ್ಲಿಸಿ ಉಸಿರು ಬಿಡುತ್ತದೆ. ಮೂರನೇ ಸಲಕ್ಕೆ ಅಮ್ಮನಿಗೂ ಕೈ ಕುದುರಿತು. ನಾನು ಕಂಬಳಿಯೊಳಗಿಂದ ದೂರದಲ್ಲೇ ನೋಡುತ್ತಿದ್ದೆ. ಸ್ವಲ್ಪ ಅತ್ತೆ ಕೂಡ.

ದೂರು ಇಲ್ಲ ಅಂತಲ್ಲ. ಮೊದಲು ತಂದ ಒಳಲೆಯ ಮೂತಿಯ ತುದಿ ಬೆರಳಿಗೆ ಗೀರುವಷ್ಟು ಒರಟಾಗಿತ್ತು. ಅಂಗಡಿಯವರು ಮಾತಾಡದೆ ಬದಲಾಯಿಸಿ ಕೊಟ್ಟರು. ಅಳತೆಯ ಗೆರೆ ಇಲ್ಲ. ಹಾಲು ಚೆಲ್ಲುತ್ತದೆ, ಕತ್ತಿನ ಕೆಳಗೆ ಬಟ್ಟೆ ಬೇಕೇ ಬೇಕು. ರಾತ್ರಿ ಎರಡು ಗಂಟೆಗೆ ಹಸಿದ ಮಗುವಿಗೆ 25 ಎಂಎಲ್‌ನಂತೆ ಮೂರು ಸಲ ತುಂಬಿಸುವಾಗ ತಾಳ್ಮೆ ಪರೀಕ್ಷೆ.

ಗುರುವಾರದಿಂದ ಮಾಸ್ಕ್ ಹಾಕಿಕೊಂಡು ನಾನೇ ಎದೆಗೆ ಹಾಕಿಕೊಂಡೆ. ಉಳಿದ ಹೊತ್ತು ಪಾಪು ಅಮ್ಮನ ಕೋಣೆಯಲ್ಲಿ. ಇವರಿಗೆ ಚಾವಡಿಯಲ್ಲಿ ಹಾಸಿಗೆ. ಮಗು ನೋಡಲು ಬರುವವರಿಗೆ ಅಪ್ಪ ಜಗಲಿಯಲ್ಲೇ ಕಾಫಿ ಕೊಟ್ಟು ಕಳಿಸಿದರು, ಇಬ್ಬರು ಮುನಿಸಿಕೊಂಡರು. ಸಾಂಬ್ರಾಣಿ ಹೊಗೆ ಬಂದ್. ಮೂರು ತಿಂಗಳ ಒಳಗಿನ ಮಗುವಿಗೆ 100.4 ಡಿಗ್ರಿ ದಾಟಿದರೆ ಕಾಯದೆ ಆಸ್ಪತ್ರೆಗೆ ಬನ್ನಿ ಅಂದಿದ್ದರು, ಥರ್ಮಾಮೀಟರ್ ತೊಟ್ಟಿಲ ಪಕ್ಕದಲ್ಲೇ ಇತ್ತು. ಪಾಪುವಿಗೆ ಒಂದೆರಡು ಸೀನು ಬಿಟ್ಟರೆ ಏನೂ ಆಗಲಿಲ್ಲ. ಅದು ಒಳಲೆಯಿಂದ ಅಂತ ನಾನು ಹೇಳುವುದಿಲ್ಲ.

ಒಂದು ಬೇಜಾರು ಮಾತ್ರ ಇದೆ. ಬಸುರಿಯಲ್ಲಿ ಫ್ಲೂ ಲಸಿಕೆ ಹಾಕಿಸಿಕೊಳ್ಳಿ ಅಂದಾಗ ನಾನು ಸುಮ್ನೆ ಮುಂದೂಡಿದ್ದೆ. ಹಾಕಿಸಿಕೊಂಡಿದ್ದರೆ ಅದರ ರಕ್ಷಣೆ ಹೊಟ್ಟೆಯಲ್ಲೇ ಮಗುವಿಗೂ ಸಿಗುತ್ತಿತ್ತು. ಮಗುವಿಗೇ ಕೊಡಲು 6 ತಿಂಗಳು ತುಂಬಬೇಕು. ಅದಕ್ಕೇ ಜ್ವರ ಬಿಟ್ಟ ಮೇಲೆ ನಾವಿಬ್ಬರೂ, ಅಮ್ಮ ಅಪ್ಪನೂ ಹಾಕಿಸಿಕೊಂಡೆವು.

ಒಳಲೆಗೆ ಐದಕ್ಕೆ ನಾಲ್ಕೂವರೆ. ಕೊಳ್ಳುವಾಗ ಮೂತಿಯ ತುದಿಗೆ ಬೆರಳಾಡಿಸಿ ನೋಡಿ. ಪಂಪಿನ ಆ ರಬ್ಬರ್ ತುಂಡು ಹನ್ನೊಂದನೇ ದಿನ ಬಂತು. ಡಬ್ಬಿ ಇನ್ನೂ ಒಡೆದಿಲ್ಲ.